ಹಿತವಾಗಿದ್ದರೆ ಅದು ಪ್ರಯೋಗ ಅಲ್ವಾ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಸಂಗೀತ ಪುಟದಲ್ಲಿ ಪ್ರಯೋಗಶೀಲ ಪಾಪ್ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದೇ ಖುಷಿ. ಆದರೆ ಅದರ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ಪ್ರಯೋಗ ಕಿವಿಗೆ ಕಷ್ಟ ಕೊಡಲೇಬೇಕು, ಕೇಳಲು ಹಿತವಾಗಿರುವುದು ಏನಿದ್ದರೂ ಹಿನ್ನೆಲೆಗೆ ಹಾಕಿಕೊಳ್ಳಲು ಸರಿ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಇದು ಅವರೊಬ್ಬರ ಅಭಿಪ್ರಾಯವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಸಂಗೀತದ ಬಗ್ಗೆ ಬರೆಯುವ ತುಂಬಾ ಜನ ಹೀಗೇ ಎರಡು ಗುಂಪು ಮಾಡಿ ಇಟ್ಟುಕೊಂಡಿರುತ್ತಾರೆ. ಒಂದು ಕಡೆ ಅವಾಂಗಾರ್ಡ್, ಅಂದರೆ ಟೇಪ್ ಕತ್ತರಿಸುವವರು, ಗದ್ದಲ ಮಾಡುವವರು, ಒಂದೇ ಸ್ವರ ಹಿಡಿದು ಅರ್ಧ ಗಂಟೆ ಕೂರುವವರು. ಇನ್ನೊಂದು ಕಡೆ ಈಸಿ ಲಿಸನಿಂಗ್, ಅಂದರೆ ಮೆತ್ತಗಿನ ಪಿಟೀಲು, ಲಾ ಲಾ ಅನ್ನುವ ದನಿ, ಲಿಫ್ಟಿನಲ್ಲಿ ಕೇಳಿಬರುವ ರಾಗ. ಮೊದಲನೆಯದಕ್ಕೆ ಗೌರವ, ಎರಡನೆಯದಕ್ಕೆ ಸಸಾರ.

ಈ ವಿಂಗಡಣೆ ನಿಲ್ಲುವುದಿಲ್ಲ ಅಂತ ತೋರಿಸಲು ನನಗೆ ಒಂದೇ ಆಲ್ಬಮ್ ಸಾಕು. 1997ರಲ್ಲಿ ಬಂದ, ಸ್ಟೀರಿಯೋಲ್ಯಾಬ್ ಬ್ಯಾಂಡಿನ ‘ಡಾಟ್ಸ್ ಅಂಡ್ ಲೂಪ್ಸ್’.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಸ್ಟೀರಿಯೋಲ್ಯಾಬ್ ಶುರುವಾಗಿದ್ದು 1990ರಲ್ಲಿ, ಲಂಡನ್ನಿನಲ್ಲಿ. ಗಿಟಾರ್ ನುಡಿಸುವ ಟಿಮ್ ಗೇನ್ ಇಂಗ್ಲೆಂಡಿನವರು, ಹಾಡುವ ಲೆಟೀಸಿಯಾ ಸಾಡಿಯೇ ಫ್ರಾನ್ಸಿನವರು. ಟಿಮ್ ಅದಕ್ಕೂ ಮೊದಲು ಮೆಕಾರ್ತಿ ಅನ್ನುವ ಬ್ಯಾಂಡಿನಲ್ಲಿದ್ದರು, ಎಡಪಂಥದ ಸಾಹಿತ್ಯವನ್ನು ಇಂಪಾದ ಗಿಟಾರ್ ಮೇಲೆ ಹಾಡುತ್ತಿದ್ದ ಬ್ಯಾಂಡ್ ಅದು. 1992ರಲ್ಲಿ ಆಸ್ಟ್ರೇಲಿಯಾದ ಮೇರಿ ಹ್ಯಾನ್ಸನ್ ಬಂದು ಸೇರಿದರು. ಶುರುವಿನ ರೆಕಾರ್ಡುಗಳಲ್ಲಿ ಗಿಟಾರ್ ಮತ್ತು ಹಳೆಯ ಆರ್ಗನ್ನುಗಳ ಗುಂಯ್ ಅನ್ನುವ ಸದ್ದು ಜಾಸ್ತಿ. ಜರ್ಮನಿಯ ನೊಯ್ ಬ್ಯಾಂಡ್ 1970ರ ದಶಕದಲ್ಲಿ ತಂದ, ಎಲ್ಲೂ ನಿಲ್ಲದೆ ಹೆದ್ದಾರಿಯಲ್ಲಿ ಹೋದ ಹಾಗೆ ಸಾಗುವ ಡ್ರಮ್ ಲಯವನ್ನು ಇವರು ಎತ್ತಿಕೊಂಡು, ಅದರ ಮೇಲೆ ಎರಡೇ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಇಟ್ಟು, ಅದರ ಮೇಲೆ ಯಾವ ಆತುರವೂ ಇಲ್ಲದ ಹೆಣ್ಣು ದನಿ ತೇಲಿಬಿಡುತ್ತಿದ್ದರು. 1993ರ ಅವರ ಒಂದು ಹಾಡು 18 ನಿಮಿಷ ಹೀಗೇ ಹೋಗುತ್ತದೆ.

ಅದೇ 1993ರಲ್ಲಿ ಅವರದು ಇನ್ನೊಂದು ಚಿಕ್ಕ ರೆಕಾರ್ಡ್ ಬಂತು. ಹೆಸರಿನಲ್ಲೇ ‘ಸ್ಪೇಸ್ ಏಜ್ ಬ್ಯಾಚಲರ್ ಪ್ಯಾಡ್ ಮ್ಯೂಸಿಕ್’ ಅಂತ ಇದೆ. 1950-60ರ ದಶಕದ ಹೊಳಪಿನ ಈಸಿ ಲಿಸನಿಂಗ್ ರೆಕಾರ್ಡುಗಳನ್ನು ಕರೆಯುವ ಹೆಸರು ಅದು. ಆ ರೆಕಾರ್ಡಿನ ಒಂದು ಬದಿಗೆ ‘ಈಸಿ ಲಿಸನಿಂಗ್’ ಅಂತ, ಇನ್ನೊಂದು ಬದಿಗೆ ‘ನ್ಯೂ ವೇವ್’ ಅಂತ ಹೆಸರಿಟ್ಟಿದ್ದರು. ಅದರಲ್ಲಿ ಒಂದು ಹಾಡಿನ ಹೆಸರೇ ‘ಅವಾಂಗಾರ್ಡ್ ಎಂ.ಓ.ಆರ್.’, ಎಂ.ಓ.ಆರ್. ಅಂದರೆ ರೇಡಿಯೋದವರ ಭಾಷೆಯಲ್ಲಿ ಯಾರಿಗೂ ತೊಂದರೆ ಕೊಡದ, ಎಲ್ಲರಿಗೂ ಸಲ್ಲುವ ಸಂಗೀತ. ಅಂದರೆ ತಾವು ಎಲ್ಲಿಗೆ ಹೋಗಬೇಕು ಅನ್ನುವುದು ಇವರಿಗೆ ಆಗಲೇ ಗೊತ್ತಿತ್ತು. ಆದರೆ ಆಗಿನ್ನೂ ಎರಡೂ ರೆಕಾರ್ಡಿನ ಬೇರೆ ಬೇರೆ ಬದಿಯಲ್ಲಿದ್ದವು. ನಾಲ್ಕು ವರ್ಷ ಕಳೆದು ‘ಡಾಟ್ಸ್ ಅಂಡ್ ಲೂಪ್ಸ್’ ಬರುವ ಹೊತ್ತಿಗೆ ಬದಿಗಳೇ ಇಲ್ಲ. ಒಂದೇ ಹಾಡಿನಲ್ಲಿ, ಎಷ್ಟೋ ಸಲ ಒಂದೇ ಸಾಲಿನಲ್ಲಿ, ಎರಡೂ ಒಟ್ಟಿಗೆ ಇವೆ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಹೋದರೆ ಆಗುವುದಿಲ್ಲ.

ಮೊದಲ ಹಾಡನ್ನೇ ತೆಗೆದುಕೊಳ್ಳಿ, ‘ಬ್ರಾಕೇಜ್’. ಆಲ್ಬಮ್ ಶುರುವಾಗುವುದೇ ಎಲೆಕ್ಟ್ರಾನಿಕ್ ಯಂತ್ರ ಕೆಟ್ಟ ಹಾಗೆ ಕೇಳುವ ಚೂರು ಚೂರು ಸದ್ದಿನಿಂದ. ಯಾರೋ ವೈರು ಸರಿಯಾಗಿ ಸಿಕ್ಕಿಸಿಲ್ಲ ಅನ್ನಿಸುತ್ತದೆ. ಅದು ಮುಗಿದ ತಕ್ಷಣ ಡ್ರಮ್ಮು, ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವೈಬ್ರಫೋನು, ದುಂಡಗಿನ ಬೇಸ್ ಗಿಟಾರು, ಎಲ್ಲ ಎಷ್ಟು ನಯವಾಗಿ ಬರುತ್ತವೆ ಅಂದರೆ ಆ ಮೊದಲಿನ ಸದ್ದು ನಿಜವಾಗಿ ಕೇಳಿದೆವಾ ಅಂತ ಅನುಮಾನ ಬರುತ್ತದೆ. ಸ್ವಲ್ಪ ಗಮನ ಇಟ್ಟರೆ ಗೊತ್ತಾಗುತ್ತದೆ, ಆ ಚೂರು ಸದ್ದುಗಳ ಜಾತಿಯವೇ ಆಲ್ಬಮ್ಮಿನ ಉದ್ದಕ್ಕೂ ಒಳಗೊಳಗೇ ಓಡಾಡುತ್ತಿವೆ. ಡ್ರಮ್ಮಿನ ಪಕ್ಕದಲ್ಲಿ ಒಂದು ಚಿಟಿಕೆ, ದನಿಯ ಹಿಂದೆ ಒಂದು ಗುಳ್ಳೆ. ಯಾವುದೂ ‘ನನ್ನನ್ನು ನೋಡಿ, ನಾನು ಹೊಸಬ’ ಅಂತ ಕೂಗುವುದಿಲ್ಲ.

‘ಡಯಾಗನಲ್ಸ್’ ಅನ್ನುವ ಹಾಡು ಐದರ ಎಣಿಕೆಯಲ್ಲಿದೆ. ಪಾಪ್ ಸಂಗೀತದಲ್ಲಿ ನಾಲ್ಕರ ಎಣಿಕೆ ಬಿಟ್ಟು ಐದಕ್ಕೆ ಹೋದರೆ ಸಾಮಾನ್ಯವಾಗಿ ಬ್ಯಾಂಡಿನವರು ಅದನ್ನು ಎದ್ದು ಕಾಣುವ ಹಾಗೆ ಒತ್ತಿ ಒತ್ತಿ ನುಡಿಸುತ್ತಾರೆ. ಇಲ್ಲಿ ಹಾಗಿಲ್ಲ. ಖಂಡ ಚಾಪು ಕೇಳಿ ಅಭ್ಯಾಸವಿರುವ ನಮ್ಮವರಿಗೆ ಐದು ಅನ್ನುವುದು ಎಷ್ಟು ಸಲೀಸಾಗಿ ಹರಿಯಬಹುದು ಅಂತ ಹೇಳಿಕೊಡಬೇಕಾಗಿಲ್ಲ, ಈ ಹಾಡೂ ಹಾಗೇ ಹರಿಯುತ್ತದೆ. ಒಂದು ಪುಟ್ಟ ಡ್ರಮ್ ತುಣುಕು ಸುತ್ತಿ ಸುತ್ತಿ ಬರುತ್ತದೆ, ಅದರ ಮೇಲೆ ಮರದ ಪಟ್ಟಿಗಳ ಮರಿಂಬಾ, ಅದರ ಮೇಲೆ ಬ್ರಾಸ್ ವಾದ್ಯಗಳು, ಅಂದರೆ ಟ್ರಂಪೆಟ್ ಥರದ ಊದುವ ವಾದ್ಯಗಳು. ಎಣಿಕೆ ಹಾಕದೆ ಕೇಳಿದರೆ ಇದು ಸುಮ್ನೆ ಒಂದು ಹಗುರ ಹಾಡು. ಎಣಿಸಲು ಕೂತರೆ ಪ್ರತಿ ಸುತ್ತಿನಲ್ಲೂ ಒಂದು ಮಾತ್ರೆ ಹೆಚ್ಚಾಗಿ ಸಿಗುತ್ತದೆ.

ನನ್ನ ಪ್ರಕಾರ ಆಲ್ಬಮ್ಮಿನ ಜೀವ ಇರುವುದು ‘ರಿಫ್ರ್ಯಾಕ್ಷನ್ಸ್ ಇನ್ ದ ಪ್ಲಾಸ್ಟಿಕ್ ಪಲ್ಸ್’ ಹಾಡಿನಲ್ಲಿ. 17 ನಿಮಿಷಕ್ಕೂ ಜಾಸ್ತಿ ಇದೆ. ಇಷ್ಟು ಉದ್ದದ ಪಾಪ್ ಹಾಡು ಅಂದರೆ ಜನರಿಗೆ ನೆನಪಾಗುವುದು ಗಿಟಾರ್ ಸೋಲೋ, ಅಥವಾ ಮೆಲ್ಲಗೆ ಏರುತ್ತಾ ಹೋಗಿ ಕೊನೆಗೆ ಸ್ಫೋಟಿಸುವ ರಚನೆ. ಇದರಲ್ಲಿ ಎರಡೂ ಇಲ್ಲ. ಮೊದಲು ಒಂದು ಮೃದುವಾದ ಹಾಡು, ಎರಡು ದನಿಗಳು ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ. ಆಮೇಲೆ ಅದು ಬೇರೆ ಹಾಡಾಗುತ್ತದೆ. ಮಧ್ಯದಲ್ಲಿ ಹಾಡು ಪೂರ್ತಿ ಕರಗಿ ಎಲೆಕ್ಟ್ರಾನಿಕ್ ಸದ್ದುಗಳಷ್ಟೇ ಉಳಿಯುತ್ತವೆ, ಕಟಕಟ, ಗುಳುಗುಳು. ಇಲ್ಲಿ ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಲಯ ಕೂಡಿಕೊಂಡು ದನಿಗಳು ಬರುತ್ತವೆ. ಇಷ್ಟೆಲ್ಲ ಆದರೂ ಒಂದು ಕ್ಷಣವೂ ಕೇಳುವವರನ್ನು ತಳ್ಳುವುದಿಲ್ಲ. ಅವಾಂಗಾರ್ಡ್ ಸಂಗೀತದಿಂದ ಬಂದ ತುಣುಕು ತುಣುಕು ಜೋಡಣೆ, ಪುನರಾವರ್ತನೆ, ಸದ್ದನ್ನು ಸ್ವರದಷ್ಟೇ ಗೌರವದಿಂದ ನೋಡುವುದು, ಎಲ್ಲ ಇಲ್ಲಿದೆ. ಈಸಿ ಲಿಸನಿಂಗಿನಿಂದ ಬಂದ ಬೆಚ್ಚಗಿನ ಕಾರ್ಡುಗಳು, ವಾದ್ಯಗಳ ನಡುವೆ ಬಿಟ್ಟ ಗಾಳಿ, ದನಿಯ ಸಮಾಧಾನ ಕೂಡ ಇದೆ. ಒಂದನ್ನು ಕಿತ್ತು ಹಾಕಿದರೆ ಇನ್ನೊಂದು ಬಿದ್ದುಹೋಗುತ್ತದೆ. ಆ ಹಿತ ಇಲ್ಲದಿದ್ದರೆ 17 ನಿಮಿಷದ ಆ ತುಂಡು ರಚನೆಯೊಳಗೆ ಯಾರೂ ಅಷ್ಟು ಹೊತ್ತು ಇರುತ್ತಿರಲಿಲ್ಲ. ಆ ತುಂಡು ರಚನೆ ಇಲ್ಲದಿದ್ದರೆ ಆ ಹಿತ ಮೂರು ನಿಮಿಷಕ್ಕೆ ಸಪ್ಪೆಯಾಗುತ್ತಿತ್ತು.

ಇದನ್ನೇ ನಿಮ್ಮ ಲೇಖಕರು ಗಮನಿಸಬೇಕು ಅಂತ ನನ್ನ ಕೋರಿಕೆ. ಕಹಿ ಗುಳಿಗೆಗೆ ಸಕ್ಕರೆ ಸವರಿದ ಹಾಗೆ ಕಷ್ಟದ ಸಂಗೀತದ ಮೇಲೆ ಹಿತವನ್ನು ಬಳಿದಿದ್ದಾರೆ ಅನ್ನುವ ವಿವರಣೆ ಇಲ್ಲಿ ಹೊಂದುವುದಿಲ್ಲ. ಇಲ್ಲಿ ಹಿತವೇ ಪ್ರಯೋಗದ ವಸ್ತು. ಎಷ್ಟು ದೂರದವರೆಗೆ ಒಂದು ಹಾಡನ್ನು ಒಡೆದು, ತಿರುವಿ, ಮತ್ತೆ ಜೋಡಿಸಿದರೂ ಅದು ಕೇಳುವವರಿಗೆ ಹಗುರವಾಗೇ ಇರಬಲ್ಲದು, ಅದನ್ನು ಪರೀಕ್ಷೆ ಮಾಡುತ್ತಿದ್ದಾರೆ.

ಇದನ್ನು ಮಾಡಿದ ರೀತಿಯೂ ಹೇಳಬೇಕಾದದ್ದೇ. ಆಲ್ಬಮ್ಮಿನ ಕೆಲಸ ಎರಡು ಊರಿನಲ್ಲಿ ನಡೆಯಿತು. ಒಂದು ಅಮೆರಿಕದ ಶಿಕಾಗೋ. ಅಲ್ಲಿ ಟಾರ್ಟಸ್ ಬ್ಯಾಂಡಿನ ಜಾನ್ ಮೆಕೆಂಟೈರ್ ಜೊತೆಗಿದ್ದರು. ಅವರು ಡ್ರಮ್ ನುಡಿಸುವವರೂ ಹೌದು, ರೆಕಾರ್ಡಿಂಗ್ ಮಾಡುವವರೂ ಹೌದು. ಇನ್ನೊಂದು ಜರ್ಮನಿಯ ಡುಸೆಲ್ಡಾರ್ಫ್. ಅಲ್ಲಿ ಮೌಸ್ ಆನ್ ಮಾರ್ಸ್ ಅನ್ನುವ ಎಲೆಕ್ಟ್ರಾನಿಕ್ ಜೋಡಿ ಕೈ ಜೋಡಿಸಿತು. ಆಗ ತಾನೇ ಹೇಳಿದ ನೊಯ್ ಬ್ಯಾಂಡಿನ ಊರೂ ಇದೇ ಡುಸೆಲ್ಡಾರ್ಫ್. ಪಿಟೀಲು ಮತ್ತು ಬ್ರಾಸ್ ವಾದ್ಯಗಳ ಏರ್ಪಾಡು ಸಂಗೀತಗಾರ ಶಾನ್ ಓಹೇಗನ್ ಅವರದು. ಹಿಂದಿನ ಆಲ್ಬಮ್ಮುಗಳಲ್ಲಿ ಎಲ್ಲರೂ ಒಟ್ಟಿಗೆ ನುಡಿಸಿದ ಬ್ಯಾಂಡಿನ ಬಿಸಿ ಜಾಸ್ತಿ ಕೇಳುತ್ತಿತ್ತು. ಇದರಲ್ಲಿ ನುಡಿಸಿದ್ದನ್ನು ಕಂಪ್ಯೂಟರಿಗೆ ಹಾಕಿ, ಕತ್ತರಿಸಿ, ಬೇಕಾದ ಕಡೆ ಅಂಟಿಸಿ, ಸುತ್ತು ಹಾಕಿಸಿ ಕಟ್ಟುವ ಕೆಲಸ ಜಾಸ್ತಿ. 1997ರಲ್ಲಿ ಇದು ಪಾಪ್ ಬ್ಯಾಂಡುಗಳಿಗೆ ಇನ್ನೂ ಹೊಸದು.

ಆದರೆ ಕತ್ತರಿಸಿ ಸುತ್ತು ಹಾಕಿಸುವ ಕಸುಬು ಮಾತ್ರ ಹಳೆಯದು. 1948ರಲ್ಲಿ ಪ್ಯಾರಿಸ್ಸಿನಲ್ಲಿ ರೇಡಿಯೋದ ಎಂಜಿನಿಯರ್ ಪಿಯೇರ್ ಶೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿ ಸಂಗೀತ ರಚನೆ ಮಾಡಿದರು. ಆಗ ಅವರ ಕೈಯಲ್ಲಿ ಟೇಪ್ ಕೂಡ ಇರಲಿಲ್ಲ, ಡಿಸ್ಕಿನ ಗೀರನ್ನು ಒಂದೇ ಸುತ್ತಿಗೆ ಮುಚ್ಚಿ, ಅದೇ ತುಣುಕು ಮತ್ತೆ ಮತ್ತೆ ತಿರುಗುವ ಹಾಗೆ ಮಾಡಿದರು. ಇವತ್ತು ನಾವು ಲೂಪ್ ಅಂತ ಸಲೀಸಾಗಿ ಹೇಳುತ್ತೇವಲ್ಲ, ಅದರ ಮೊದಲ ರೂಪಗಳಲ್ಲಿ ಇದು ಒಂದು.

ಇನ್ನು ಆಲ್ಬಮ್ಮಿನ ಹೆಸರು. ನಾರ್ಮನ್ ಮೆಕ್ಲಾರೆನ್ ಅನ್ನುವ ಸ್ಕಾಟ್ಲೆಂಡ್ ಮೂಲದ ಆ್ಯನಿಮೇಷನ್ ಕಲಾವಿದರು 1940ರಲ್ಲಿ ‘ಡಾಟ್ಸ್’ ಮತ್ತು ‘ಲೂಪ್ಸ್’ ಅನ್ನುವ ಎರಡು ಪುಟ್ಟ ಚಿತ್ರಗಳನ್ನು ಮಾಡಿದರು. ಕ್ಯಾಮರಾ ಇಲ್ಲ. ಫಿಲ್ಮ್ ಪಟ್ಟಿಯ ಮೇಲೆ ಪೆನ್ನಿನಿಂದ ಚಿತ್ರ ಬರೆದರು. ಮೈಕ್ ಕೂಡ ಇಲ್ಲ. ಪಟ್ಟಿಯ ಅಂಚಿನಲ್ಲಿ ಸೌಂಡ್ ಬರುವ ಜಾಗದಲ್ಲೂ ಪೆನ್ನಿನಿಂದಲೇ ಗೆರೆ, ಚುಕ್ಕೆ ಎಳೆದರು. ಪ್ರೊಜೆಕ್ಟರ್ ಆ ಗೆರೆಗಳನ್ನೇ ಸದ್ದಾಗಿ ಓದಿತು. ಅಂದರೆ ಯಾರೂ ನುಡಿಸದ ಸಂಗೀತ. ಈ ಮಾತು ಕೇಳಿದರೆ ಎಷ್ಟು ಒಣ ಪ್ರಯೋಗ ಅನ್ನಿಸುತ್ತದೆ, ಆದರೆ ಆ ಚಿತ್ರ ನೋಡಿದರೆ ಮಕ್ಕಳೂ ನಗುತ್ತಾರೆ. ಚುಕ್ಕೆಗಳು ಪುಟಿಯುತ್ತವೆ, ಹಿಗ್ಗುತ್ತವೆ, ಒಂದನ್ನೊಂದು ನುಂಗುತ್ತವೆ, ಪುಟ್ಟ ಪುಟ್ಟ ಪೀಂ ಪೀಂ ಸದ್ದು ಮಾಡುತ್ತವೆ. ‘ಬ್ರಾಕೇಜ್’ ಅನ್ನುವುದೂ ಹಾಗೇ ಸ್ಟಾನ್ ಬ್ರಾಕೇಜ್ ಅನ್ನುವ ಅಮೆರಿಕದ ಸಿನಿಮಾ ನಿರ್ದೇಶಕನ ಹೆಸರು. 1963ರಲ್ಲಿ ಪತಂಗದ ರೆಕ್ಕೆಗಳನ್ನು, ಎಲೆಗಳನ್ನು ನೇರವಾಗಿ ಪಟ್ಟಿಗೆ ಅಂಟಿಸಿ ಸಿನಿಮಾ ಮಾಡಿದ ಮನುಷ್ಯ. ತಾವು ಯಾರಿಂದ ಕಲಿತೆವು ಅಂತ ಬ್ಯಾಂಡಿನವರು ಹೀಗೆ ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ. ಅದಕ್ಕೇ ನನಗೆ ಮೆಕ್ಲಾರೆನ್ ಮುಖ್ಯ. ಅತ್ಯಂತ ಹೊಸ ವಿಧಾನ ಮತ್ತು ನೋಡುವವರಿಗೆ ಸಿಗುವ ಸೀದಾ ಸಂತೋಷ, ಇವೆರಡೂ ಜೊತೆಯಲ್ಲೇ ಇರಬಹುದು ಅನ್ನುವುದು ಸ್ಟೀರಿಯೋಲ್ಯಾಬ್ ಕಂಡುಹಿಡಿದ ವಿಷಯ ಅಲ್ಲ. ಅವರು ಅದನ್ನು ಪಾಪ್ ಹಾಡಿಗೆ ತಂದರು.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಈಸಿ ಲಿಸನಿಂಗ್ ಅಂದರೆ ಸೋಮಾರಿ ಸಂಗೀತ ಅಂತ ಬರೆಯುವವರು ಆ ಕಾಲದ ರೆಕಾರ್ಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು ಅಂತ ನನ್ನ ಮನವಿ. 1950ರ ದಶಕದ ಕೊನೆಗೆ ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದಾಗ, ಎರಡು ಸ್ಪೀಕರುಗಳ ನಡುವಿನ ಜಾಗವನ್ನು ಸಂಗೀತಕ್ಕೆ ಹೇಗೆ ಬಳಸಬಹುದು ಅಂತ ಹುಚ್ಚು ಹಿಡಿದವರ ಹಾಗೆ ಹುಡುಕಿದವರಲ್ಲಿ ಈ ಈಸಿ ಲಿಸನಿಂಗಿನವರೇ ಮುಂದಿದ್ದರು. ಆರ್ಕೆಸ್ಟ್ರಾ ನಡೆಸುತ್ತಿದ್ದ ಮೆಕ್ಸಿಕೋದ ಎಸ್ಕಿವೆಲ್ ಅವರನ್ನು ನೋಡಿ. 1962ರ ಒಂದು ಆಲ್ಬಮ್ಮಿಗಾಗಿ ಅವರು ಆರ್ಕೆಸ್ಟ್ರಾವನ್ನು ಎರಡು ಪಾಲು ಮಾಡಿ ಬೇರೆ ಬೇರೆ ಸ್ಟುಡಿಯೋಗಳಲ್ಲಿ ಕೂರಿಸಿ ಒಂದೇ ಹೊತ್ತಿಗೆ ನುಡಿಸಿದರು. ಎಡದ ಸದ್ದು ಬಲಕ್ಕೆ ಸೋರಬಾರದು, ಅಷ್ಟೇ ಕಾರಣ. ಅವರ ಗಾಯಕರು ಪದ ಹಾಡುವುದೇ ಕಡಿಮೆ, ಜೂ ಜೂ, ಪೊವ್ ಪೊವ್ ಅನ್ನುತ್ತಾರೆ. ದನಿಯನ್ನು ಪದದಿಂದ ಬಿಡಿಸಿ ಬರೀ ಸದ್ದಾಗಿ ಬಳಸುವ ಕೆಲಸವನ್ನು ಗಂಭೀರ ಸಂಗೀತದವರು ಮಾಡಿದರೆ ಅದಕ್ಕೆ ಪ್ರಬಂಧ ಬರೆಯುತ್ತಾರೆ. ಎಸ್ಕಿವೆಲ್ ಮಾಡಿದರೆ ಅದು ಪಾರ್ಟಿ ಸಂಗೀತ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಅಮೆರಿಕದ ಇನಾಕ್ ಲೈಟ್ 1959ರಲ್ಲಿ ತಂದ ತಾಳವಾದ್ಯಗಳ ಸ್ಟೀರಿಯೋ ರೆಕಾರ್ಡಿನ ಹೊದಿಕೆ ವಿನ್ಯಾಸ ಮಾಡಿದ್ದು ಯಾರು ಗೊತ್ತಾ? ಜೋಸೆಫ್ ಆಲ್ಬರ್ಸ್. ಜರ್ಮನಿಯ ಬೌಹೌಸ್ ಅನ್ನುವ ಕಲೆ-ವಿನ್ಯಾಸದ ಶಾಲೆಯಲ್ಲಿ ಪಾಠ ಮಾಡಿದ, ಚೌಕಗಳನ್ನು ಬರೆಯುತ್ತಲೇ ಇಪ್ಪತ್ತನೇ ಶತಮಾನದ ಕಲೆಯಲ್ಲಿ ಜಾಗ ಪಡೆದ ಆಲ್ಬರ್ಸ್. ಆ ಹೊದಿಕೆಯ ಮೇಲೆ ಇರುವುದು ಸಾಲು ಸಾಲು ಕಪ್ಪು ಚುಕ್ಕೆಗಳು. ಫ್ರಾನ್ಸಿನ ಜಾನ್ ಜಾಕ್ ಪೆರೆ ಕೂಡ ಹೀಗೇ. ಟೇಪನ್ನು ಚೂರು ಚೂರು ಕತ್ತರಿಸಿ ಅಂಟಿಸುವ ಕೆಲಸ ಮಾಡಿಕೊಂಡೇ ಅವರು 1966ರಲ್ಲಿ ಗೆರ್ಶನ್ ಕಿಂಗ್ಸ್ಲೀ ಜೊತೆ ತಂದ ರೆಕಾರ್ಡ್ ಚಿಕ್ಕ ಮಕ್ಕಳಿಗೂ ಹಿಡಿಸುವಂಥದ್ದು. ಅವರು ನುಡಿಸುತ್ತಿದ್ದ ಒಂಡಿಯೋಲೀನ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯವನ್ನು ಮಾಡಿದ್ದು ಜಾರ್ಜ್ ಜೆನಿ. ನಾನು ಮೇಲೆ ಹೇಳಿದ, 1993ರ 18 ನಿಮಿಷದ ಹಾಡಿನ ಹೆಸರು ‘ಜೆನಿ ಒಂಡಿಯೋಲೀನ್’. ನೋಡಿ, ಎಲ್ಲ ಎಳೆಗಳೂ ಒಂದು ಕಡೆ ಬಂದು ಸೇರುತ್ತವೆ. ಸ್ಟುಡಿಯೋ, ಟೇಪು, ಹೊಸ ವಾದ್ಯ, ಇವು ಅವಾಂಗಾರ್ಡಿನವರಿಗೂ ಈಸಿ ಲಿಸನಿಂಗಿನವರಿಗೂ ಒಂದೇ ಕಾಲದಲ್ಲಿ ಕೈಗೆ ಸಿಕ್ಕವು, ಇಬ್ಬರೂ ಅದರಲ್ಲಿ ಆಡಿದರು. ಆಮೇಲೆ ಬರೆದವರು ಒಬ್ಬರನ್ನು ಕಲಾವಿದ ಅಂದರು, ಇನ್ನೊಬ್ಬರನ್ನು ಮರೆತರು.

ಹಿನ್ನೆಲೆ ಸಂಗೀತ ಅನ್ನುವ ಯೋಚನೆಯೇ ಅವಾಂಗಾರ್ಡಿನಿಂದ ಬಂದದ್ದು ಅಂತಲೂ ಹೇಳಬಹುದು. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಂಗೀತ ರಚನೆಕಾರ ಎರಿಕ್ ಸಾಟಿ ಕೋಣೆಯ ಮೇಜು ಕುರ್ಚಿಯ ಹಾಗೆ ಸುಮ್ನೆ ಇರುವ ಸಂಗೀತ ಅಂತ ಮಾಡಿ ನುಡಿಸಿದರು. ಜನ ಗಂಭೀರವಾಗಿ ಕೂತು ಕೇಳತೊಡಗಿದಾಗ ಸಾಟಿ ಅವರ ನಡುವೆ ಓಡಾಡುತ್ತಾ, ‘ಮಾತಾಡಿ, ಎದ್ದು ತಿರುಗಾಡಿ, ಕೇಳಬೇಡಿ’ ಅಂತ ಒತ್ತಾಯ ಮಾಡಿದರಂತೆ.

ಈಗ ಸಾಹಿತ್ಯಕ್ಕೆ ಬರುತ್ತೇನೆ, ಯಾಕೆಂದರೆ ಸ್ಟೀರಿಯೋಲ್ಯಾಬ್ ವಿಷಯದಲ್ಲಿ ಇದನ್ನು ಬಿಟ್ಟರೆ ಅರ್ಧ ಮಾತು ಹೇಳಿದ ಹಾಗೆ. ಲೆಟೀಸಿಯಾ ಸಾಡಿಯೇ ಹಾಡುವುದು ಪ್ರೀತಿ ವಿರಹದ ಬಗ್ಗೆ ಅಂತ ದನಿ ಕೇಳಿದರೆ ಅನ್ನಿಸುತ್ತದೆ. ಅಲ್ಲ. ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಅವರು ಹಾಡುವುದು ಸಮಾಜದ ಬಗ್ಗೆ, ಹಣದ ಬಗ್ಗೆ, ಅಧಿಕಾರದ ಬಗ್ಗೆ, ಜನ ಒಟ್ಟಾಗಿ ಬದುಕುವುದು ಹೇಗೆ ಅನ್ನುವುದರ ಬಗ್ಗೆ. 1994ರಲ್ಲಿ ಬಂದ ಅವರ ‘ಪಿಂಗ್ ಪಾಂಗ್’ ಹಾಡು ಆರ್ಥಿಕತೆ ಬೀಳುವುದು, ಯುದ್ಧ ಬರುವುದು, ಮತ್ತೆ ಚೇತರಿಸುವುದು ಅನ್ನುವ ಚಕ್ರವನ್ನು ಕುಣಿಯುವ ಹಾಗಿರುವ ರಾಗದಲ್ಲಿ ಹೇಳುತ್ತದೆ. ಈ ಆಲ್ಬಮ್ಮಿನ ಮೊದಲ ಹಾಡಿನಲ್ಲೂ ಮಂಕು ಕವಿದ ನಮ್ಮ ಬದುಕು ನಡೆಯಲು ಎಷ್ಟೊಂದು ವಸ್ತುಗಳು ಬೇಕು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ಇದಕ್ಕೂ ಈಸಿ ಲಿಸನಿಂಗಿಗೂ ಒಂದು ಗಟ್ಟಿ ಸಂಬಂಧ ಇದೆ. ಅಮೆರಿಕದಲ್ಲಿ ಮ್ಯೂಜಾಕ್ ಅನ್ನುವ ಕಂಪನಿ 1930ರ ದಶಕದಿಂದ ಕಾರ್ಖಾನೆ, ಕಚೇರಿ, ಅಂಗಡಿಗಳಿಗೆ ತಂತಿಯ ಮೂಲಕ ಹಿನ್ನೆಲೆ ಸಂಗೀತ ಕಳಿಸುತ್ತಿತ್ತು. ಅದರ ಕಾರ್ಯಕ್ರಮ 15 ನಿಮಿಷದ ತುಂಡುಗಳಲ್ಲಿ ಇರುತ್ತಿತ್ತು. ಪ್ರತಿ ತುಂಡಿನಲ್ಲೂ ಹಾಡುಗಳ ಚುರುಕು ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗಬೇಕು, ಕೆಲಸಗಾರರ ದಣಿವು ಅವರಿಗೇ ತಿಳಿಯದ ಹಾಗೆ ಕಡಿಮೆಯಾಗಿ ಕೆಲಸ ಜಾಸ್ತಿಯಾಗಬೇಕು ಅನ್ನುವುದು ಲೆಕ್ಕಾಚಾರ. ಅಂದರೆ ಹಿತವಾದ ಸಂಗೀತವನ್ನು ಜನರಿಂದ ದುಡಿಸಿಕೊಳ್ಳುವ ಸಾಧನ ಮಾಡಿಕೊಂಡರು. ಅದೇ ಮೆತ್ತಗಿನ ಪಿಟೀಲು, ಅದೇ ತೇಲುವ ದನಿ ಬಳಸಿ ಸ್ಟೀರಿಯೋಲ್ಯಾಬ್ ಕೇಳುವವರಿಗೆ ಎಚ್ಚರವಾಗಿರಿ ಅನ್ನುತ್ತದೆ. ನನಗೆ ಇದು ದೊಡ್ಡ ಕೆಲಸ ಅನ್ನಿಸುತ್ತದೆ. ಕೋಪದ ಮಾತನ್ನು ಕೋಪದ ಸದ್ದಿನಲ್ಲಿ ಹೇಳುವುದು ಸಹಜ, ಅದಕ್ಕೂ ಬೆಲೆ ಇದೆ. ಆದರೆ ಸಮಾಧಾನದ ಸದ್ದನ್ನೇ ಅದನ್ನು ಮಾರಿಕೊಂಡವರ ಕೈಯಿಂದ ವಾಪಸ್ ತೆಗೆದುಕೊಳ್ಳುವುದು ಬೇರೆ ಥರದ ಧೈರ್ಯ.

ಆಲ್ಬಮ್ಮಿನಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳುವುದಿಲ್ಲ. ‘ಮಿಸ್ ಮಾಡ್ಯುಲರ್’ ಮತ್ತು ತೂಗುವ ಲಯದ ‘ದ ಫ್ಲವರ್ ಕಾಲ್ಡ್ ನೋವೇರ್’ ನನಗೆ ಎಷ್ಟು ಕೇಳಿದರೂ ಸಾಲದು. ‘ಪ್ರಿಸನರ್ ಆಫ್ ಮಾರ್ಸ್’ ಚೆನ್ನಾಗಿದೆ, ಆದರೆ ಅದು ತನ್ನ ಪಾಡಿಗೆ ಬಂದು ಹೋಗುತ್ತದೆ. ‘ಪಾರ್ಸೆಕ್’ ಹಾಡಿನಲ್ಲಿ ಆ ಕಾಲದ ಲಂಡನ್ ಕ್ಲಬ್ಬುಗಳ ಡ್ರಮ್ ಅಂಡ್ ಬೇಸ್ ಅನ್ನುವ ವೇಗದ ಎಲೆಕ್ಟ್ರಾನಿಕ್ ಕುಣಿತದ ಲಯ ಇದೆ, ಅದು ಇವತ್ತು ಕೇಳಿದರೆ 1997ರ ಮುದ್ರೆ ಹೊತ್ತ ಹಾಗೆ ಕೇಳುತ್ತದೆ, ಉಳಿದ ಹಾಡುಗಳಿಗೆ ಆ ತೊಂದರೆ ಇಲ್ಲ. ಕೊನೆಯ ‘ಕಾಂತ್ರೊನಾತೂರಾ’ ಎರಡು ಭಾಗದಲ್ಲಿದೆ, ಎರಡನೇ ಭಾಗ ಸ್ವಲ್ಪ ಮೊಟಕಾಗಿದ್ದರೂ ನಡೆಯುತ್ತಿತ್ತು. ಇಡೀ ಆಲ್ಬಮ್ ತೀರಾ ನುಣುಪು, ಬಿಸಿ ಸಾಲದು ಅಂತ ದೂರುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ಹಿಂದಿನ ಆಲ್ಬಮ್ಮುಗಳ ಆರ್ಗನ್ ಗುಂಯ್‌ಗುಡುವಿಕೆ ಪ್ರೀತಿಸಿದವರಿಗೆ ಇಲ್ಲಿ ಏನೋ ಕಳೆದ ಹಾಗೆ ಅನ್ನಿಸಬಹುದು. ಆದರೆ ನುಣುಪು ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತ ತೀರ್ಮಾನ ಮಾಡಿದರೆ ಅದನ್ನು ನಾನು ಒಪ್ಪುವುದಿಲ್ಲ.

ಬಿಸಿ ಎಲ್ಲಿದೆ ಅಂತ ಕೇಳುವವರಿಗೆ ನಾನು ತೋರಿಸುವುದು ಆ ಎರಡು ದನಿಗಳನ್ನು. ಲೆಟೀಸಿಯಾ ದನಿ ಕೆಳಗಿನ ಸ್ಥಾಯಿಯಲ್ಲಿ, ಗಟ್ಟಿಯಾಗಿ, ಅಲುಗಾಡದೆ ನಿಂತಿರುತ್ತದೆ. ಮೇರಿ ಹ್ಯಾನ್ಸನ್ ದನಿ ಹಗುರ, ಮೇಲಿನಿಂದ ಬರುತ್ತದೆ, ಎಷ್ಟೋ ಸಲ ಪದಗಳೇ ಇಲ್ಲ, ಬಾ ಬಾ, ಲಾ ಲಾ ಅಷ್ಟೇ. ಒಬ್ಬರು ಸಾಲು ಶುರು ಮಾಡಿದರೆ ಇನ್ನೊಬ್ಬರು ಅದರ ಸಂದಿನಲ್ಲಿ ಬೇರೆ ಸಾಲು ನೇಯುತ್ತಾರೆ. ಹಿನ್ನೆಲೆ ಗಾಯನ ಅಂತ ಹೇಳಿದರೆ ಮೇರಿಯವರಿಗೆ ಅನ್ಯಾಯ. ಯಂತ್ರದಲ್ಲಿ ಕತ್ತರಿಸಿ ಜೋಡಿಸಿದ ಈ ಆಲ್ಬಮ್ಮಿನಲ್ಲಿ ಇಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಾರೆ ಅನ್ನುವ ಭಾವ ಅವರಿಬ್ಬರಿಂದಲೇ ಬರುತ್ತದೆ. ಮೇರಿ 2002ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸೈಕಲ್ ಮೇಲೆ ಹೋಗುವಾಗ ಅಪಘಾತದಲ್ಲಿ ತೀರಿಕೊಂಡರು. ಬ್ಯಾಂಡ್ ಆಮೇಲೂ ಒಳ್ಳೆಯ ಕೆಲಸ ಮಾಡಿದೆ. 2009ರಲ್ಲಿ ನಿಂತು, 2019ರಲ್ಲಿ ಮತ್ತೆ ವೇದಿಕೆಗೆ ಬಂದು, 2025ರಲ್ಲಿ ಹೊಸ ಆಲ್ಬಮ್ ಕೂಡ ತಂದಿದೆ. ಆದರೆ ಆ ಎರಡು ದನಿಗಳ ಹೆಣಿಗೆ ಇಂಥ ರೆಕಾರ್ಡುಗಳಲ್ಲಿ ಮಾತ್ರ ಉಳಿದಿದೆ.

ಸಂಪಾದಕರೇ, ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಪುಟದಲ್ಲಿ ಆಲ್ಬಮ್ ಬಗ್ಗೆ ಬರೆಯುವಾಗ ಅದು ಕಷ್ಟವಾ ಸುಲಭವಾ ಅನ್ನುವುದನ್ನು ತೀರ್ಪಿನ ಹಾಗೆ ಮೊದಲ ಸಾಲಿನಲ್ಲೇ ಇಡಬೇಡಿ. ಒಳಗೆ ಏನು ನಡೆಯುತ್ತಿದೆ ಅಂತ ಬರೆಸಿ. ಲಯ ಎಷ್ಟರ ಎಣಿಕೆಯಲ್ಲಿದೆ, ಯಾವ ವಾದ್ಯ ಎಲ್ಲಿ ಕೂತಿದೆ, ದನಿ ಏನು ಹೇಳುತ್ತಿದೆ, ಯಾವುದನ್ನು ನುಡಿಸಿದ್ದು, ಯಾವುದನ್ನು ಕತ್ತರಿಸಿ ಕಟ್ಟಿದ್ದು. ಓದುಗರಿಗೆ ಇದು ಅರ್ಥವಾಗುವುದಿಲ್ಲ ಅನ್ನುವ ಭಯ ಬೇಡ. ಸಿನಿಮಾ ಬಗ್ಗೆ ಬರೆಯುವಾಗ ಕ್ಯಾಮರಾ, ಸಂಕಲನ ಅಂತ ವಿವರವಾಗಿ ಬರೆಯುತ್ತೀರಿ, ಓದುಗರು ಓದುತ್ತಾರೆ. ಸಂಗೀತಕ್ಕೆ ಬಂದಾಗ ಮಾತ್ರ ಯಾಕೆ ಕಲಾವಿದರ ಸಂದರ್ಶನ, ಪ್ರಶಸ್ತಿ, ನಿಧನ ವಾರ್ತೆ ಇಷ್ಟಕ್ಕೇ ನಿಲ್ಲಬೇಕು?

ಲೇಖನ ಬರೆದವರಿಗೆ ಕೂಡ ಒಂದು ಮಾತು. ಈ ಆಲ್ಬಮ್ ನಿಮಗೆ ಹಿನ್ನೆಲೆ ಸಂಗೀತ ಅನ್ನಿಸಿದರೆ ಹಿನ್ನೆಲೆಗೇ ಹಾಕಿ, ಅದರಲ್ಲಿ ತಪ್ಪಿಲ್ಲ, ಅದು ಆ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆಮೇಲೆ ಒಮ್ಮೆ ಬೇರೆ ಕೆಲಸ ಬಿಟ್ಟು ಆ 17 ನಿಮಿಷದ ಹಾಡೊಂದನ್ನೇ ಕೇಳಿ, ಅದರ ಬಗ್ಗೆ ಮಾತ್ರ ಬರೆಯಿರಿ. ಇಷ್ಟವಾಗಲಿಲ್ಲ ಅಂದರೂ ಸರಿ, ಎಲ್ಲಿ, ಯಾವ ತಿರುವಿನಲ್ಲಿ, ಯಾಕೆ ಇಷ್ಟವಾಗಲಿಲ್ಲ ಅಂತ ಬರೆಯಿರಿ. ಖಂಡಿತ ಓದುತ್ತೇನೆ, ಒಪ್ಪದಿದ್ದರೆ ಮತ್ತೆ ಪತ್ರ ಹಾಕುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ